ಮೈನಾಗಳಿಗೆ ಒಪ್ಪಿಸಿದ ಹುಲ್ಲುಹಾಸು

ಧಾರವಾಡದಲ್ಲಿ ಹುಲ್ಲು ಬೆಳೆಸುವುದೇನು ಮಹಾ ವಿದ್ಯೆ? ಬಿಸಿಲು ಶಿವ ಕೊಟ್ಟ, ನೀರು ನಾನು ಕೊಟ್ಟೆ. ಮನೆಯ ಮುಂದೆ ಹಸಿರು ಹಾಸಿಗೆಯೇ ಎದ್ದಿತು. ಓಣಿಯ ಪ್ರಾರ್ಥನಾ ಬಳಗದವರಿಗೆ, “ಈ ಸೋಮವಾರ ಎಲ್ಲಾರೂ ನಮ್ಮ ಹುಲ್ಲಿನ ಮ್ಯಾಲೆ ಕೂಡೋಣ್ರಿ!” ಎಂದು ಸಾರಿಬಿಟ್ಟೆ.

ಹುಳುಗಳಿಗೂ ಆಮಂತ್ರಣ ಮುಟ್ಟಿರಬೇಕು. ಸೋಮವಾರ ಬೆಳಿಗ್ಗೆ ನೋಡಿದರೆ ಹುಲ್ಲಿನ ತುಂಬ ಕಂದು ತೇಪೆಗಳು! ಬುಡ ಬಿಡಿಸಿದೆ. ಕಂಬಳಿಹುಳುಗಳು ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವು.

“ಔಷಧ ಹೊಡದ್ರ ಮುಗೀತು,” ಎಂದರು ನಮ್ಮವರು.

“ಸೋಮವಾರ ಜೀವಹತ್ಯಾ ಮಾಡೂದ? ಶಿವಶಿವಾ!”

“ಮತ್ತ? ಪ್ರಸಾದ ಕೊಟ್ಟು ಕಳಸ್ತೀಯೇನು?”

ನನ್ನ ಬಳಿ ಉಪಾಯವಿತ್ತು. ಸಾಬೂನಿನ ನೀರು ಸುರಿದರೆ ಹುಳು ಮೇಲೆ ಬರುತ್ತವಂತೆ, ಫೋನಿನಲ್ಲಿ ನೋಡಿದ್ದೆ. ಬಂದವನ್ನು ಮೈನಾಗಳು ತಿನ್ನಲಿ. ಪಾಪ ಮೈನಾಗಳಿಗೆ, ಹುಲ್ಲು ನನಗೆ! ಹಕ್ಕಿಗಳ ಹಸಿವು ಕೆಡಬಾರದೆಂದು ನಾನು ದಿನಾ ಹಾಕುವ ರೊಟ್ಟಿಚೂರನ್ನೂ ಅಂದು ಹಾಕಲಿಲ್ಲ. ಬಕೆಟ್ ನೀರಿಗೆ ಒಂದು ಚಮಚ ಸಾಬೂನುಪುಡಿ ಸಾಕೆಂದು ಫೋನಿನಲ್ಲಿ ಹೇಳಿದ್ದರು. ದೇವರ ಕೆಲಸಕ್ಕೆ ಕೈ ಬಿಗಿ ಹಿಡಿಯಬಾರದಲ್ಲ? ಬಕೆಟ್ಟಿಗೊಂದು ಬೊಗಸೆ ಬಟ್ಟೆಪುಡಿ ಹಾಕಿ, ಮಧ್ಯಾಹ್ನ ಇಡೀ ಅಂಗಳಕ್ಕೆ ಅಭಿಷೇಕ ಮಾಡಿದೆ.

ಹುಳುಗಳು ಬಂದವು! ಕೈಮುಗಿದು ಸ್ನಾನಕ್ಕೆ ಹೋದೆ. ಸೀರೆ ಉಟ್ಟು ಬಂದಾಗ ಹುಳು ಕಾಣಲಿಲ್ಲ. ಮೈನಾಗಳೂ ಇರಲಿಲ್ಲ. ಊಟ ಮುಗಿಸಿ ಹೋಗಿವೆ ಎಂದು ನಿರ್ಧರಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಜಮಖಾನೆ ಹಾಸಿದೆ.

ಬಳಗದವರು ಬಂದರು. ಎಲ್ಲರಿಗಿಂತ ಮೊದಲು ಪಕ್ಕದ ಮನೆಯ ಸುಶೀಲಕ್ಕ.

“ಅಕ್ಕಾರ, ಇವತ್ತ ಹಕ್ಕಿಗೆ ರೊಟ್ಟಿ ಹಾಕಿದ್ದಿಲ್ಲೇನ್ರಿ? ಪಾಪ, ಹಸದು ಒದರ್ಯಾಡಾಕತ್ತಿದ್ವು. ಹಿತ್ತಲದಾಗ ಕರದು ನಾಕು ರೊಟ್ಟಿ ಹಾಕಿದ್ನಿ. ಹೊಟ್ಟಿ ತುಂಬ ತಿಂದ್ವು ನೋಡ್ರಿ!”

ಹಾಗಾದರೆ ನನ್ನ ಹುಳುಗಳನ್ನು ಯಾರೂ ತಿಂದಿಲ್ಲ! ಅಷ್ಟರಲ್ಲಿ ಎಲ್ಲರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಾಗಿತ್ತು. ನಾನೊಬ್ಬಳೇ ಕಣ್ಣು ತೆರೆದಿದ್ದೆ. ಒದ್ದೆ ಹುಲ್ಲಿನಲ್ಲಿ ಅಡಗಿದ್ದ ಹುಳುಗಳಿಗೆ ಒಣ ಜಾಗ ಬೇಕಿತ್ತು. ಜಮಖಾನೆ ಸಿಕ್ಕಿತು. ಅಲ್ಲಿಂದ ಸೀರೆಯ ಸೆರಗೂ ಸಿಕ್ಕಿತು. ಧ್ಯಾನ ಮುರಿದು ಹುಳುವಿನ ವಿಷಯ ಹೇಳುವುದೋ, ಬಿಡುವುದೋ?

“ಯವ್ವಾ! ನನ್ನ ತೊಡಿ ಮ್ಯಾಲೆ ಏನೋ ಹರದಾಡಾಕತ್ತೇತ್ರೀ!”

ಬಳಗದವರೊಬ್ಬರು ಚೀರಿದರು. ನಾನು ಹೇಳಬೇಕಾದ ಕೆಲಸ ತಪ್ಪಿತು. ಮೊಣಕಾಲು ನೋವಿನಿಂದ ನೆಲಕ್ಕೆ ಕೂಡಲು ಹತ್ತು ಸಲ ‘ಶಿವಾ’ ಎಂದವರೆಲ್ಲ ಒಂದೇ ನೆಗೆತಕ್ಕೆ ಪಡಸಾಲೆ ಸೇರಿದರು. ಕೊನೆಗೆ ಫ್ಯಾನಿನ ಕೆಳಗೇ ಪ್ರಾರ್ಥನೆ. ಪುಣ್ಯಕ್ಕೆ ಯಾರೂ ಜಾರಿ ಬೀಳಲಿಲ್ಲ, ಉಪ್ಪಿಟ್ಟೂ ಸಾಲಿತು.

ನಾಲ್ಕು ದಿನದಲ್ಲಿ ಬಟ್ಟೆಪುಡಿ ತನ್ನ ಪ್ರತಾಪ ತೋರಿಸಿತು. ಹುಲ್ಲೆಲ್ಲ ಸುಟ್ಟು ಒಣಗಿತು. ಹುಳು ಮಾತ್ರ ಒಂದೂ ನನ್ನ ಕೈಯಿಂದ ಸಾಯಲಿಲ್ಲ. ತಿನ್ನಲು ಏನೂ ಉಳಿಯದೆ, ಗೋಡೆ ದಾಟಿ ಸುಶೀಲಕ್ಕನ ಗಿಡಗಳಿಗೆ ಹೋದವು.

ನಿನ್ನೆ ಅವರು ಗೋಡೆಯಾಚೆ ನಿಂತು ಕೇಳಿದರು. “ಅಕ್ಕಾರ, ಈ ಹುಳಕ್ಕ ಏನ್ ಮಾಡಬೇಕ್ರಿ? ನಿಮಗ ಎಲ್ಲಾ ಗೊತ್ತಿರತೈತಿ.”

ನಾನು ಸೆರಗು ಸರಿಮಾಡಿಕೊಂಡು, ಗಂಭೀರವಾಗಿ ಬಾಯಿ ತೆರೆದೆ.

ಒಳಗಿಂದ ನಮ್ಮವರು ಕೂಗಿದರು: “ಸುಶೀಲಕ್ಕಾರ, ಹುಳದ ಮಾತು ಆಮ್ಯಾಲೆ! ಮೊದಲ ಇಕಿ ಕೈಯಿಂದ ನಿಮ್ಮ ಗಿಡ ಉಳಸ್ಕೊಳ್ರಿ!”