ಏಸಿಯ ಕಿರಿಕಿರಿ ಮತ್ತು ಗಂಗಹನುಮಯ್ಯನವರ ಕಿವಿ

ರಾಜಲಕ್ಷ್ಮಮ್ಮ ಇತ್ತೀಚೆಗೆ ಕೂಗಾಡುವುದನ್ನು ಕಲಿತಿದ್ದಾರೆ ಎಂಬುದು ಅವರ ಯಜಮಾನರಾದ ಗಂಗಹನುಮಯ್ಯನವರ ದೂರು. ಮೊದಲು ಹೀಗಿರಲಿಲ್ಲ. ಮದುವೆಯಾಗಿ ಮಧುಗಿರಿಗೆ ಬಂದ ಹೊಸದರಲ್ಲಿ ಆಕೆಯ ಮಾತು ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಈಗ "ಊಟಕ್ಕೆ ಬನ್ನಿ" ಅಂದರೆ ಬೆಟ್ಟದ ಮೇಲಿನ ಕೋಟೆಗೂ ಹಸಿವಾಗಬೇಕು. ವಯಸ್ಸಾದಂತೆ ಹೆಂಗಸರಿಗೆ ಸಿಟ್ಟು ಜಾಸ್ತಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ (ಹೇಳಿದವರೂ ಗಂಡಸರೇ), ಅವರು ಮನೆಯಲ್ಲಿ ಮಾತೇ ಕಡಿಮೆ ಮಾಡಿದ್ದರು. ಹೆಂಡತಿಗೆ ತಾನು ಬೇಡವಾದೆ ಎಂಬ ನೋವು ಒಳಗೊಳಗೇ ಅವರನ್ನು ತಿನ್ನುತ್ತಿತ್ತು.

ಇಂಥದ್ದರಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ ರಾಜಲಕ್ಷ್ಮಮ್ಮ ಹೊಸ ವರಸೆ ತೆಗೆದರು.

"ರೀ, ಈ ಏಸಿ ಕೀಂಯ್ ಕೀಂಯ್ ಅಂತೈತೆ. ತಲೆ ಸೀಳೋಗ್ತೈತೆ ಕಣ್ರೀ!"

ಗಂಗಹನುಮಯ್ಯ ಕಣ್ಣು ಮುಚ್ಚಿ ಆಲಿಸಿದರು. ಗುಂಯ್ ಎಂಬ ತುಂಬುದನಿ ಬಿಟ್ಟರೆ ಬೇರೇನೂ ಇಲ್ಲ.

"ಕೀಂಯ್ ಅಂತಿರೋದು ಏಸಿ ಅಲ್ಲ, ಬುಡು," ಎಂದು ಮೆಲ್ಲಗೆ ಅಂದುಕೊಂಡರು. (ಮೆಲ್ಲಗೆ ಎಂದು ಅವರ ಭಾವನೆ. ಎದುರುಮನೆಯವರು ಬಾಗಿಲಿಗೆ ಬಂದು ನೋಡಿದರು.)

ಅವರದ್ದು ಸಾಮಾನ್ಯ ಕಿವಿಯಲ್ಲ. ಪೇಟೆಯಲ್ಲಿ ಅವರಿಗೆ ಕಡಲೆಕಾಯಿ ಮಂಡಿಯಿದೆ. ಚೀಲದೊಳಕ್ಕೆ ಕೈಹಾಕಿ, ಒಂದು ಹಿಡಿ ತೆಗೆದು, ಕಿವಿಯ ಪಕ್ಕ ಅಲ್ಲಾಡಿಸಿದರೆ ಮುಗಿಯಿತು. ಸಿಪ್ಪೆಯೊಳಗೆ ಬೀಜ ಗಲಗಲ ಎಂದರೆ ಕಾಯಿ ಒಣಗಿದೆ, ಅನ್ನದಿದ್ದರೆ ಹಸಿ. ಆ ನ್ಯಾಯಪೀಠದ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಬಡವನಹಳ್ಳಿ, ದೊಡ್ಡೇರಿ ಕಡೆಯ ರೈತರು ಅವರಿಗೆ ಮುಗಿಯುತ್ತಿದ್ದ ಕೈಯೆಲ್ಲ ಆ ಕಿವಿಗೇ ಮುಗಿದದ್ದು. ಅದಕ್ಕೆ ಕೇಳದ ಸದ್ದೊಂದು ಲೋಕದಲ್ಲಿದೆ ಎಂದು ಒಪ್ಪಿಕೊಂಡರೆ ಮರುದಿನ ಮಂಡಿಯಲ್ಲಿ ಯಾವ ಮುಖ ಹೊತ್ತು ಕೂರುವುದು?

ಅಷ್ಟರಲ್ಲಿ ಬಡವನಹಳ್ಳಿಯ ಕದರಪ್ಪ ಮನೆಗೆ ಬಂದ. ಹಳೆಯ ಸ್ನೇಹಿತ, ದೊಡ್ಡ ಗಂಟಲಿನವನು, ವರ್ಷವರ್ಷವೂ ಅವರ ಮಂಡಿಗೇ ಕಾಯಿ ಹಾಕುವವನು. ಅವನನ್ನು ಕೂರಿಸಿ, ಕಾಫಿ ಕೊಡಿಸಿ, ಸಾಕ್ಷಿ ಕೇಳಿದರು.

"ಲೇ ಕದರಪ್ಪ, ಈ ಏಸಿ ಏನಂತೈತೆ ಹೇಳ್ಲಾ."

"ಕೀಂಯ್ ಅಂತೈತಲ್ಲಣ್ಣ. ಎತ್ತಿನಗಾಡಿ ಅಚ್ಚಿಗೆ ಎಣ್ಣೆ ಬುಡ್ದಿದ್ರೆ ಇಂಗೇ ಅಂತಿತ್ತು."

"ಕಾಫಿ ಕೊಟ್ಟೋರ ಕಡೆ ಮಾತಾಡ್ತೀಯಾ?"

"ಕಾಫಿ ನೀನೇ ಕೊಡ್ಸಿದ್ದು. ಅದಿರ್ಲಿ, ಹೋದ ಸುಗ್ಗೀಲಿ ಬಂಡೆ ಮೇಲೆ ಹರವಿ ಸೀದೋಗಂಗೆ ಒಣಗ್ಸಿದ್ದೆ. ಅದನ್ನೂ ಹಸಿ ಅಂದ್ಬುಟ್ಟೆ. ಈಗೀಗ ಎಲ್ರುದ್ನೂ ಹಸಿ ಅಂತೀಯಂತೆ. ಜನ ಶಿರಾ ಕಡೀಕೆ ಕಾಯಿ ಒಯ್ಕೊಂಡೋಗ್ತಾವ್ರೆ."

"ಈಗಿನ ಕಾಲದಾಗೆ ಯಾರ್ಲಾ ನೆಟ್ಟಗೆ ಒಣಗ್ಸ್ತಾರೆ?" ಎಂದು ಗಂಗಹನುಮಯ್ಯ ಕಾಲವನ್ನೇ ಅಪರಾಧಿಯನ್ನಾಗಿ ಮಾಡಿದರು.

ರಾಜಲಕ್ಷ್ಮಮ್ಮ ಆಗಲೇ ಫೋನು ಮಾಡಿ ಕೊರಟಗೆರೆಯಿಂದ ಮೆಕ್ಯಾನಿಕ್ ಭೀಮರಾಜುವನ್ನು ಕರೆಸಿದ್ದರು. ಬಾಗಿಲಲ್ಲೇ ಆ ಕೀಂಯ್ ಕೇಳಿ ಮುಖ ಕಿವುಚಿದ ಅವನು, ಏಸಿಯ ಮುಚ್ಚಳ ತೆಗೆಯುವ ಮೊದಲೇ ಗ್ಯಾಸು, ವೋಲ್ಟೇಜು, ಗೋಡೆಯ ಸಿಮೆಂಟು ಎಲ್ಲವನ್ನೂ ಬೈದ. ಆಮೇಲೆ ಏಣಿ ಹತ್ತಿ ಅದೇನನ್ನೋ ಬಿಗಿ ಮಾಡತೊಡಗಿದ. ಕೆಳಗೆ ಕೂತಿದ್ದ ಗಂಗಹನುಮಯ್ಯ ಲೆಕ್ಕಾಚಾರ ಹಾಕಿದರು. ಮೂರು ಜನ ಒಂದು ಕಡೆ, ತಾವೊಬ್ಬರೇ ಇನ್ನೊಂದು ಕಡೆ. ರಿಪೇರಿಯಾದ ಕೂಡಲೇ 'ಈಗ ನಿಂತಿತು' ಎಂದುಬಿಟ್ಟರೆ ಮೊದಲೂ ಕೇಳಿಸುತ್ತಿತ್ತು ಎಂದ ಹಾಗಾಯಿತು. ಕಿವಿಯ ಮಾನವೂ ಉಳಿಯಿತು, ಮನೆಯ ಶಾಂತಿಯೂ ಉಳಿಯಿತು.

ಭೀಮರಾಜು ಇಳಿದು ರಿಮೋಟ್ ಒತ್ತಿದ. ಗಂಗಹನುಮಯ್ಯ ಸಂಗೀತ ಕಚೇರಿಯಲ್ಲಿ ಕೂತವರಂತೆ ಕಣ್ಣು ಮುಚ್ಚಿದರು.

"ಆಹಾ! ಈಗ ನೋಡಪ್ಪ, ನಿಂತೋಯ್ತು. ಆಗ್ಲೆ ಬಲೇ ಕೀಂಯ್ ಅಂತಿತ್ತು."

ಕಣ್ಣು ಬಿಟ್ಟು ನೋಡಿದರೆ ಭೀಮರಾಜು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದ. ಕದರಪ್ಪ ಟವಲ್ಲನ್ನು ತಲೆಗೆ ಸುತ್ತಿಕೊಂಡು ಹೊರಗೋಡುತ್ತಿದ್ದ. ಭೀಮರಾಜುವಿನ ಕೈಚಳಕದಿಂದ ಏಸಿ ಮೊದಲಿಗಿಂತ ನಾಲ್ಕುಪಟ್ಟು ಕಿರುಚುತ್ತಿತ್ತು.

ರಾಜಲಕ್ಷ್ಮಮ್ಮ ಅದನ್ನು ಆರಿಸಿದರು. ನಗಲಿಲ್ಲ. ಗಂಡನ ಮುಖದೆದುರು ಬಂದು ನಿಂತು, ಎಂದಿನಂತೆ ಗಟ್ಟಿಯಾಗಿ ಕೂಗಿದರು.

"ವರ್ಷದಿಂದ ನಾನು ಯಾಕೆ ಕೂಗ್ತಿದೀನಿ ಅಂದ್ಕೊಂಡ್ರಿ? ಮೆತ್ತಗೆ ಹೇಳಿದ್ರೆ ತಿರುಗೇ ನೋಡಲ್ವಲ್ರೀ!"

"ಸಿಟ್ಟಿಗಲ್ವಾ?"

"ಸಿಟ್ಟು ಬಂದೋರು ಊಟಕ್ಕೆ ಬನ್ನಿ ಅಂತ ಕೂಗ್ತಾರಾ?"

"ಕಿವಿ ಮಂದ ಆಗೈತೆ ಅಂತ ಹೇಳೋದಲ್ವಾ ನನಗೆ?"

"ಹೇಳ್ದೆ. ಕೇಳಿಸ್ಲಿಲ್ಲ."

ಗಂಗಹನುಮಯ್ಯನವರಿಗೆ ಕಿವಿ ಹೋದದ್ದಕ್ಕಿಂತ ಆ ಒಂದು ವರ್ಷ ಹೋದದ್ದಕ್ಕೆ ಹೆಚ್ಚು ಸಂಕಟವಾಯಿತು. ಕರೆದವಳನ್ನು ಬೈದವಳೆಂದು ತಿಳಿದು ಅಷ್ಟು ದಿನ ಮುಖ ಊದಿಸಿಕೊಂಡಿದ್ದರಲ್ಲ. ಕದರಪ್ಪನ ಕಾಯಿಯೂ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ಅವನ ಮುಖ ನೋಡಲು ಧೈರ್ಯವಾಗದೆ ನೆಲ ನೋಡಿದರು.

ಆಮೇಲಿನದ್ದು ಬೇಗ ಆಯಿತು. ಏಸಿಯನ್ನು ಬೇರೆಯವರು ಬಂದು ಸರಿಮಾಡಿದರು, ಫ್ಯಾನಿನ ಬೇರಿಂಗ್ ಒಣಗಿತ್ತಂತೆ. ತುಮಕೂರಿನ ಡಾಕ್ಟರು ಗಂಗಹನುಮಯ್ಯನವರ ಕಿವಿಗೊಂದು ಪುಟ್ಟ ಮಿಷನ್ನು ಕೂರಿಸಿದರು.

ಮಿಷನ್ನು ಬಂದ ಮರುದಿನ ಮಧ್ಯಾಹ್ನ ಅವರು ಅಡುಗೆಮನೆಯಲ್ಲಿ ಮುದ್ದೆಯ ಮುಂದೆ ಕೂತಿದ್ದರು. ರಾಜಲಕ್ಷ್ಮಮ್ಮ ಬೆನ್ನು ತಿರುಗಿಸಿ ಬಸ್ಸಾರು ಕಲಕುತ್ತಿದ್ದರು. ಅಲ್ಲಿಂದ ಸಣ್ಣ ದನಿಯೊಂದು ಬರತೊಡಗಿತು. ಫೋನಿನಲ್ಲಿರಬೇಕು ಎಂದುಕೊಂಡರು. ಫೋನು ಕಿಟಕಿಯ ಮೇಲಿತ್ತು.

"...ಬಾಣಂತನಕ್ಕೆ ಹೋದಾಗ್ಲೂ ಹಿಂಗೇ, ಒಂದ್ಸಲ ಬಂದು ನೋಡ್ಲಿಲ್ಲ ಪುಣ್ಯಾತ್ಮ. ನಮ್ಮಮ್ಮ ತೀರ್ಹೋಗಿ ಮೂರು ತಿಂಗ್ಳಾಯ್ತು, ಹೆಂಗಿದೀಯ ಅಂತ ಕೇಳ್ಲಿಲ್ಲ. ಕಡ್ಲೇಕಾಯಿ ಅಲ್ಲಾಡ್ಸಿ ಅಲ್ಲಾಡ್ಸಿ ನೋಡ್ದ, ಹೆಂಡ್ತೀನ ಯಾವತ್ತು ಕೇಳ್ದ..."

ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟು ಅವರು "ಹೂಂ" ಎಂದರು.

ರಾಜಲಕ್ಷ್ಮಮ್ಮನ ಕೈಯಿಂದ ಸೌಟು ಬಿತ್ತು.

"ಕೇಳಿಸ್ತಾ?"

"ಎಲ್ಲಾ ಕೇಳಿಸ್ತು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ವರ್ಷದಿಂದ ದಿನಾ ನಿಮ್ಮ ಮುಂದೇನೇ ಹೇಳ್ಕೊಂತಿದ್ದೆ. ಮನಸ್ಸು ಹಗುರ ಆಗ್ತಿತ್ತು," ಎಂದರು. "ಇನ್ಮೇಲೆ ಇದನ್ನೆಲ್ಲ ಯಾರ ಹತ್ರ ಹೇಳ್ಲಿ?"

ಕೂಗು ತಮಗಾಗಿ ಇತ್ತು, ಪಿಸುಮಾತು ತಮ್ಮ ಕಿವುಡುತನಕ್ಕಾಗಿ ಇತ್ತು ಎಂದು ಗಂಗಹನುಮಯ್ಯನವರಿಗೆ ಆಗ ಅರ್ಥವಾಯಿತು. ಕಿವಿ ಸರಿಯಿದ್ದಾಗ ಈಕೆ ಇಷ್ಟು ಮಾತನ್ನು ಅವರಿಗೆ ಹೇಳಿದ್ದೇ ಇಲ್ಲ. ಅವರು ಎಡಗೈಯಿಂದ ಮಿಷನ್ನು ತೆಗೆದು, ಆಕೆಗೆ ಕಾಣುವಂತೆ ಉಪ್ಪಿನ ಜಾಡಿಯ ಪಕ್ಕ ಇಟ್ಟರು.

"ಈಗ ಹೇಳು," ಎಂದರು.

ರಾಜಲಕ್ಷ್ಮಮ್ಮ ಅದನ್ನೂ ಅವರನ್ನೂ ನೋಡಿದರು. ಸೌಟು ಎತ್ತಿಕೊಂಡು ಎದುರಿಗೇ ಕೂತು ಹೇಳತೊಡಗಿದರು, ಉದ್ದಕ್ಕೆ, ತಡೆಯಿಲ್ಲದೆ. ಗಂಗಹನುಮಯ್ಯ ಆಕೆಯ ತುಟಿಯನ್ನೇ ನೋಡುತ್ತಾ, ಭಕ್ತಿಯಿಂದ, ಆಗಾಗ "ಹೂಂ, ನಿಜ" ಎನ್ನುತ್ತಿದ್ದರು. ಒಂದು ಕಡೆ 'ನಿಜ' ಅನ್ನಬಾರದಲ್ಲಿ ಅಂದಿರಬೇಕು. ಸೌಟು ಮೇಲೆದ್ದಿತು.