ಮುನ್ನೂರ ಅರವತ್ತೈದು ರಾತ್ರಿಗಳ ಪಟ್ಟಿ

ಎಲ್ಲ ತಾಪತ್ರಯಕ್ಕೂ ಕಾರಣ ತಾರಸಿಯ ಒಂದು ಬಲ್ಬು.

ಕನ್ನಡಕದಂಗಡಿಯವರು ಮೂರು ತಿಂಗಳು ಕೂತು, ವರ್ಷದ ಯಾವ ರಾತ್ರಿ ಆಕಾಶದಲ್ಲಿ ಏನು ನೋಡಬೇಕೆಂದು ಪಟ್ಟಿ ಬರೆದಿದ್ದರು. ಒಂದು ರಾತ್ರಿಯನ್ನೂ ಬಿಟ್ಟಿರಲಿಲ್ಲ. ಅಂಗಡಿಯ ಗಾಜುಗಳನ್ನೇ ಜೋಡಿಸಿ ದುರ್ಬೀನೊಂದನ್ನೂ ಮಾಡಿಕೊಂಡಿದ್ದರು. ಇವತ್ತೇ ಮೊದಲ ರಾತ್ರಿ, ಕೃತ್ತಿಕೆಯ ಸರದಿ. ಆದರೆ ಆ ಬಲ್ಬು ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತಿತ್ತು. ಅದರ ಮುಂದೆ ಕೃತ್ತಿಕೆಯೇನು, ಚಂದ್ರನೂ ಸಪ್ಪೆ.

“ಬಲ್ಬ್ ಆರಿಸೋದಾ?” ಕಟ್ಟಡದ ಕಾರ್ಯದರ್ಶಿ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಗುಡುಗಿದರು. “ಕಳ್ಳ ಬಂದ್ರೆ ನಿಮ್ಮ ನಕ್ಷತ್ರ ಬಂದು ಹಿಡಿಯುತ್ತಾ? ಹದಿನಾರು ಮನೆಯವರೂ ಸಹಿ ಹಾಕ್ಲಿ, ಆಮೇಲೆ ನೋಡೋಣ.”

“ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ್ರಂತೆ!” ಎಂದು ಕನ್ನಡಕದಂಗಡಿಯವರ ಹೆಂಡತಿ ಹಣೆ ಚಚ್ಚಿಕೊಂಡಳು.

ಅವರು ಕೇಳಲಿಲ್ಲ. ಅಂಗಡಿ ಬಾಗಿಲು ತೆಗೆಯದೆ, ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.

ಮೊದಲ ಮಹಡಿಯ ನಿವೃತ್ತ ಹೆಡ್‌ಮೇಡಂ ಕೆಂಪು ಪೆನ್ನು ತೆಗೆದು ಹನ್ನೊಂದು ಕಾಗುಣಿತ ತಪ್ಪು ಹಿಡಿದರು. “ಇದನ್ನ ಬರೆದವರಿಗೆ ಸಹಿ ಹಾಕ್ಬೇಕಾ ನಾನು?”

“ಮೇಡಂ, ನಿಮ್ಮ ಹುಟ್ಟಿದ ದಿನ ಯಾವ್ದು ಹೇಳಿ. ಅವತ್ತು ದುರ್ಬೀನು ನಿಮಗೇ ಮೊದ್ಲು.”

ಮೇಡಂ ತಮ್ಮ ತಾರೀಖು ಹುಡುಕಿದರು. ಅಲ್ಲಿ ಗುರುಗ್ರಹವಿತ್ತು. ಅದೇ ಕೆಂಪು ಪೆನ್ನಿನಲ್ಲಿ ಸಹಿ ಬಿತ್ತು.

ಸುದ್ದಿ ಅವರಿಗಿಂತ ಮುಂಚೆ ಮೇಲಕ್ಕೆ ಹತ್ತಿತು. ಎರಡನೇ ಮಹಡಿ ಟೈಲರ್ ಮನೆಯಲ್ಲಿ, ಪಟ್ಟಿಯಲ್ಲಿ ತಮ್ಮ ತಮ್ಮ ಹುಟ್ಟಿದ ದಿನ ನೋಡಿಕೊಂಡು ಅತ್ತೆ ಸೊಸೆಯರ ಯುದ್ಧವೇ ಶುರುವಾಯಿತು.

“ಅವಳಿಗೆ ಫಳಫಳ ಶುಕ್ರ, ನನಗೆ ಮಾತ್ರ ಶನೀನಾ?”

“ಅಮ್ಮಾ, ಅಷ್ಟು ಚೆಂದದ ಬಳೆ ತೊಟ್ಟಿರೋದು ಶನಿಯೊಬ್ಬನೇ. ಶುಕ್ರನದು ಬೋಳು ಕೈ!” ಎಂದರು ಕನ್ನಡಕದಂಗಡಿಯವರು.

ಅತ್ತೆ ಗೆದ್ದ ಮುಖದಲ್ಲಿ ಸಹಿ ಹಾಕಿದರು. ಈಗ ಸೊಸೆ ಮುನಿಸಿಕೊಂಡಳು. ಅವಳಿಗೆ ಶುಕ್ರನ ಜೊತೆ ಒಂದು ಹುಣ್ಣಿಮೆಯನ್ನೂ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಸಂಜೆಗೆ ಹದಿನಾರು ಮನೆ, ಹದಿನಾರು ಸಹಿ! ಕೆಳಗೆ ಸಭೆ ಸೇರಿತು. ಕಾರ್ಯದರ್ಶಿ ತಲೆಬಾಗಿ ಬಲ್ಬು ಆರಿಸಲು ಒಪ್ಪಿದರು. ಚಪ್ಪಾಳೆಯೋ ಚಪ್ಪಾಳೆ. ಕನ್ನಡಕದಂಗಡಿಯವರ ಎದೆ ಉಬ್ಬಿತು. ಹೆಂಡತಿಯೂ ಮೊದಲ ಬಾರಿಗೆ ಅವರನ್ನು ಹೆಮ್ಮೆಯಿಂದ ನೋಡಿದಳು.

“ಒಂದೇ ಮಾತು,” ಎಂದರು ಕಾರ್ಯದರ್ಶಿ, ಪಟ್ಟಿಯನ್ನು ಎತ್ತಿ ಹಿಡಿದು. “ದೀಪ ಆರಿಸಿದ್ಮೇಲೆ ಕಾವಲು ಬೇಕಲ್ವಾ? ವರ್ಷಪೂರ್ತಿ ಒಂದು ರಾತ್ರೀನೂ ಬಿಡದೆ ಎದ್ದಿರ್ತೀನಿ ಅಂತ ಸ್ವಂತ ಕೈಯಲ್ಲಿ ಬರೆದುಕೊಟ್ಟಿರೋರು ಇವರೊಬ್ಬರೇ! ಒಪ್ಪಿಗೇನಾ?”

ಚಪ್ಪಾಳೆ ಇನ್ನೂ ಜೋರಾಯಿತು.

ಏಳೂವರೆಗೆ ಇಡೀ ಕಟ್ಟಡ ತಾರಸಿಯಲ್ಲಿ ದುರ್ಬೀನಿನ ಮುಂದೆ ಸಾಲುಗಟ್ಟಿತ್ತು. ಕನ್ನಡಕದಂಗಡಿಯವರು ಕೆಳಗೆ, ಸ್ಕೂಟರುಗಳ ನಡುವೆ, ಕೊರಳಿಗೆ ವಿಷಲ್ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

ಮೆಟ್ಟಿಲ ಸಂದಿಯಿಂದ ಹೆಡ್‌ಮೇಡಂ ದನಿ ಇಳಿದುಬಂತು. “ಏನ್ರೀ, ಕೃತ್ತಿಕೆ ಪಕ್ಕ ಕೆಂಪಗೆ ಹೊಳೀತಿದೆಯಲ್ಲ, ಅದ್ಯಾವ್ದು?”

“ರೋಹಿಣಿ, ಮೇಡಂ!” ಎಂದು ಅವರು ತಲೆಯ ಮೇಲಿನ ಕಾಂಕ್ರೀಟಿಗೆ ಬೆರಳು ತೋರಿಸಿ ಕೂಗಿದರು.