ಕೊಪ್ಪರಿಗೆಯ ಕೆಂಪು ಕಣ್ಣು

ಏಳು ಸಂದಿಗಳ ಆಚೆ, ಎಪ್ಪತ್ತು ಮಾಳಿಗೆಗಳ ನಡುವೆ, ಇನ್ನೂರು ಮಂದಿಯ ಹುಗ್ಗಿಯನ್ನು ಒಂದೇ ಹೊಟ್ಟೆಯಲ್ಲಿ ಹಿಡಿಯುವ ತಾಮ್ರದ ಕೊಪ್ಪರಿಗೆಯೊಂದು ಇತ್ತಂತೆ. ಅಜ್ಜಿಯ ಕತೆಯಾಗಿದ್ದರೆ ಅದಕ್ಕೆ ಕಾಲು ಮೂಡಿ, ತಾನೇ ಕೆರೆಗೆ ಹೋಗಿ ಮೈ ತೊಳೆದುಕೊಂಡು ಬರುತ್ತಿತ್ತು. ಆದರೆ ಇದು ಹೋದ ಸೋಮವಾರದ ಮಾತು, ಊರು ಹಳೇ ಹುಬ್ಬಳ್ಳಿ. ಇಲ್ಲಿ ಕೊಪ್ಪರಿಗೆಗೆ ಕಾಲು ಮೂಡಲಿಲ್ಲ, ಕಣ್ಣು ಮೂಡಿತು. ಮಾಲತೇಶನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಕೊಪ್ಪರಿಗೆ ಶಾಂತಯ್ಯನವರ ಬಾಡಿಗೆ ಭಾಂಡೆ ಅಂಗಡಿಯದು. ಮದುವೆಗೋ ತೊಟ್ಟಿಲು ಕಾರ್ಯಕ್ಕೋ ಹೋದ ಭಾಂಡೆ ನೆಟ್ಟಗೆ ಅಂಗಡಿಗೆ ಬರುವುದು ಕಡಿಮೆ. ಮಗ್ಗುಲ ಮನೆಯವರು "ನಮಗೂ ಒಂದಿನ" ಎಂದು ಎಳೆದುಕೊಳ್ಳುತ್ತಾರೆ. ಬರುವಾಗ ಮಾತ್ರ ಯಾವುದೂ ಬರಿದಾಗಿ ಬರುವುದಿಲ್ಲ. ಮಂದಿಯ ಭಾಂಡೆಯನ್ನು ಖಾಲಿ ಕೊಡಬಾರದು, ತಳದಲ್ಲಿ ಒಂದು ಮುಷ್ಟಿ ಸಕ್ಕರೆಯಾದರೂ ಇರಬೇಕು. ಅಂಗಡಿಯವರ ಸಂಜೆಯ ಚಹಾ ನಡೆಯುತ್ತಿದ್ದುದೇ ಆ ಸಕ್ಕರೆಯ ಮೇಲೆ.

ಭಾಂಡೆಗಳ ಪತ್ತೆಗೆಂದು ಶಾಂತಯ್ಯನವರ ಮಗಳು ಭಾಗ್ಯಶ್ರೀ ಮೊದಲು ಉಪಗ್ರಹದ ಯಂತ್ರ ತರಿಸಿದ್ದಳು. ಅದು ಗಬ್ಬೂರಿನ ಬೈಪಾಸಿನ ತನಕ ಚಂದ ದಾರಿ ತೋರಿಸಿ, ಸಂದಿ ಹೊಕ್ಕೊಡನೆ ಮೂರ್ಛೆ ಹೋಗುತ್ತಿತ್ತು.

"ಈ ಸಂದ್ಯಾಗ ಆಕಾಶ ಅನ್ನೂದು ಸೀರಿ ಅಂಚಿನಷ್ಟ ಐತಿ. ಅಷ್ಟ ಸಂದಿನಾಗಿಂದ ಉಪಗ್ರಹಕ್ಕ ನಮ್ಮ ಭಾಂಡಿ ಹೆಂಗ ಕಾಣಬೇಕು?" ಎಂದು ಅವಳೇ ಆಮೇಲೆ ಬೇರೆ ಉಪಾಯ ಮಾಡಿದಳು. ಭಾಂಡೆಯ ತಳಕ್ಕೆ ಕೆಂಪಗೆ ಮಿಣುಕುವ ಪುಟ್ಟ ಬಿಲ್ಲೆ, ಕೈಯಲ್ಲೊಂದು ಪೆಟ್ಟಿಗೆ. ಮೂವತ್ತು ಹೆಜ್ಜೆಯೊಳಗೆ ಬಿಲ್ಲೆಯಿದ್ದರೆ ಪೆಟ್ಟಿಗೆ ಕುಂಯ್ ಎನ್ನುತ್ತದೆ, ಹತ್ತಿರವಾದಂತೆ ಕುಂಯ್‌ಕುಂಯ್ ಎಂದು ಅವಸರ ಮಾಡುತ್ತದೆ. ಎಡಕ್ಕೋ ಬಲಕ್ಕೋ, ಮಾಳಿಗೆಯ ಮೇಲೋ ಕೆಳಗೋ, ಅದನ್ನು ಮಾತ್ರ ಹೇಳುವುದಿಲ್ಲ.

ಎಂಟು ವರ್ಷ ಹುಣಸೆಹಣ್ಣು, ಬೂದಿ ಹಿಡಿದು ಭಾಂಡೆ ತಿಕ್ಕಿದ್ದ ಮಾಲತೇಶನ ಕೈಗೆ ಆ ಪೆಟ್ಟಿಗೆ ಬಂದು ಒಂದೇ ವಾರವಾಗಿತ್ತು. ಉಗುರಿನ ಕರಿ ಇನ್ನೂ ಹೋಗಿರಲಿಲ್ಲ, ನಡಿಗೆ ಮಾತ್ರ ಸಾಹೇಬರದಾಗಿತ್ತು.

"ದಾನವ್ವನ ಮೊಮ್ಮಗನ ತೊಟ್ಟಿಲಿಗೆ ಹೋದ ಕೊಪ್ಪರಗಿ ಬಂದಿಲ್ಲ. ಇವತ್ತ ಅಮ್ಮಿನಬಾವಿ ಮದವಿಗೆ ಹೋಗಬೇಕು," ಎಂದರು ಶಾಂತಯ್ಯ.

"ದೀಪ ಹಚ್ಚೂದ್ರಾಗ ಕೊಪ್ಪರಗಿ ಅದರ ಮಾಲಕರ ಅಂಗಳದಾಗ ಇರತೈತ್ರಿ ಅಯ್ನಾರ. ನನ್ನ ಕೈಯಾರೆ ಇಡತೇನಿ."

"ಇಡದಿದ್ರ?"

"ಮತ್ತ ತಿಕ್ಕಾಕ ಕುಂದರತೇನ್ರಿ."

ಪೆಟ್ಟಿಗೆಯ ಸಪ್ಪಳ ಸರಿಯಾಗಿ ಕೇಳಿಸಲೆಂದು ಮಾಲತೇಶ ಫೋನು ಬಂದ್ ಮಾಡಿಕೊಂಡು ಹೊರಟ.

ದಾನವ್ವ ಬಾಗಿಲಲ್ಲೇ ಸಿಕ್ಕಳು. "ನಸಿಕಿನ್ಯಾಗ ಯಾಕೂಬಸಾಬಗ ಕೊಟ್ಟೇನಲ್ಲೋ ತಮ್ಮಾ. ಒಳಗ ಕಲಾಯಿ ಹೋಗಿತ್ತು, ಹಂಗ ಹೆಂಗ ಕೊಡೋದು? ಕಲಾಯಿ ಹಾಕಿ ಅಂಗಡಿಗೆ ಮುಟ್ಟಸ್ತೇನಂದಾನ. ಆದ್ರ ಏನ್ ಕೊಪ್ಪರಗಿಯೋ ಅದು! ಇನ್ನೂರು ಮಂದೀಗೆ ಮಾಡಿದ ಹುಗ್ಗಿ ಮುನ್ನೂರು ಮಂದಿ ಉಂಡ್ರೂ ಉಳೀತು. ಅಯ್ನಾರ ಕೈಗುಣ ದೊಡ್ಡದು."

ಕಲಾಯಿ ಹಾಕುವ ಯಾಕೂಬಸಾಬನ ಅಂಗಡಿ ಎರಡು ಓಣಿ ಆಚೆಗಿತ್ತು. ಮಾಲತೇಶ ಆ ಕಡೆ ತಿರುಗಿದ್ದ ಕೂಡ. ಅಷ್ಟರಲ್ಲಿ ಪೆಟ್ಟಿಗೆ ಕುಂಯ್ ಎಂದಿತು.

"ಇಲ್ಲೇ ಐತಿ!"

"ಇಲ್ಲೋ ಮಾರಾಯಾ, ಕೊಟ್ಟೇನಿ ಅಂದ್ನೆಲ್ಲ."

"ಮಷೀನ ಸುಳ್ಳ ಹೇಳೂದಿಲ್ರಿ ಅಕ್ಕಾರ," ಎಂದು ಮಾಲತೇಶ ಅವಳ ಅಡುಗೆಮನೆ, ಹಿತ್ತಲು, ಕಡೆಗೆ ತೊಟ್ಟಿಲ ಕೆಳಗೂ ನೋಡಿದ. ಕೂಸು ಎದ್ದು ಅಳತೊಡಗಿತು. ಅತ್ತದ್ದು ಕೂಸೋ ಪೆಟ್ಟಿಗೆಯೋ ಎಂದು ಅವನಿಗೇ ಒಂದು ಗಳಿಗೆ ತಿಳಿಯಲಿಲ್ಲ.

ಅಲ್ಲಿಂದ ಓಣಿಗೆ ಬಂದ. ಬಲಕ್ಕೆ ಹೋದರೆ ಸದ್ದು ಏರಿತು, ಎಡಕ್ಕೆ ಹೋದರೂ ಏರಿತು, ನಿಂತರೆ ಇಳಿಯಿತು. ಮೂರು ಸಂದಿ ಸುತ್ತಿ ಮತ್ತೆ ದಾನವ್ವನ ಕಟ್ಟೆಗೇ ಬಂದು ಮುಟ್ಟಿದ. ಆ ವೇಳೆಗೆ ಬೆನ್ನ ಹಿಂದೆ ಒಂದು ದಿಬ್ಬಣವೇ ಇತ್ತು.

"ಗ್ಯಾಸ್ ಸೋರಾಕತ್ತೈತೇನ್ರಿ?"

"ನೀರಿನ ಮೀಟರ ನೋಡಾಂವ ಇರಬೇಕು, ಬಾಗಲಾ ಹಾಕ್ಕೋರಿ!"

"ಅಲ್ಲ, ಹೂತಿಟ್ಟ ಬಂಗಾರ ಹುಡಕೂ ಮಷೀನ ಅದು," ಎಂದು ಮುದುಕ ನೀಲಪ್ಪ ಖಚಿತವಾಗಿ ಹೇಳಿದ. ಹೇಳಿದವನೇ ಮನೆಗೆ ಹೋಗಿ ಹಾರೆ ತಂದ.

ಎದುರು ಮಾಳಿಗೆಯಿಂದ ನಾಹಿದಾ ಬಾಗಿ ಕೂಗಿದಳು: "ಮಾಲತೇಶಣ್ಣಾ, ಹಂಗ ನಮ್ಮ ಹುಂಜಾನೂ ನೋಡೋ. ನಿನ್ನೆಯಿಂದ ಇಲ್ಲ!"

ಎತ್ತರದಲ್ಲಿ ನಿಂತರೆ ದಿಕ್ಕು ತಿಳಿದೀತೆಂದು ಮಾಲತೇಶ ಅವಳ ಮಾಳಿಗೆ ಹತ್ತಿದ. ಪೆಟ್ಟಿಗೆಯ ಮೇಲೆ ಕಣ್ಣಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ. ಕಾಲ ಕೆಳಗೆ ಮೆತ್ತಗಾಯಿತು. ಆರಲು ಹಾಕಿದ್ದ ಶ್ಯಾವಿಗೆ! ಜಾರಿ ಕೂತವನು ಏಳುವಾಗ, ಚಾಪೆ ಹೊದ್ದ ಶ್ಯಾವಿಗೆಯ ಭೂತದಂತಿದ್ದ. ಗದ್ದಲಕ್ಕೆ ಬೆದರಿ ನೀರಿನ ಟಾಕಿಯ ಹಿಂದಿನಿಂದ ಹುಂಜ ಹಾರಿತು.

"ಸಿಕ್ತು! ಹುಂಜ ಸಿಕ್ತು! ಖರೇನ ಛಲೋ ಮಷೀನ ಐತಿ!" ಎಂದು ಓಣಿಯೆಲ್ಲ ಕೂಗಿತು. ಆಮೇಲೆ ಒಬ್ಬರಿಗೆ ಬೆಂಡೋಲೆ, ಒಬ್ಬರಿಗೆ ರೇಷನ್ ಕಾರ್ಡು, ಒಬ್ಬಳಿಗೆ ಎರಡು ದಿನದಿಂದ ಮನೆಗೆ ಬಾರದ ಗಂಡ, ಎಲ್ಲವನ್ನೂ ಅವನೇ ಹುಡುಕಿಕೊಡಬೇಕಾಯಿತು. ಹೊತ್ತು ನಾಲ್ಕು ದಾಟಿತು. ಮಾಲತೇಶನ ಕಣ್ಣ ಮುಂದೆ ಹುಣಸೆಹಣ್ಣಿನ ಉಂಡೆ ತೇಲತೊಡಗಿತು.

ಆಗ ದಾನವ್ವನ ಹಿತ್ತಲಗೋಡೆಗೆ ಬೆನ್ನು ತಾಗಿಸಿ ನಿಂತ ಮನೆಯೊಂದರ ಮುಂದೆ ಪೆಟ್ಟಿಗೆ ಹುಚ್ಚು ಹಿಡಿದಂತೆ ಕಿರುಚಿತು. ಗೋಡೆಯೊಂದೇ ಆದರೂ ಬಾಗಿಲಿಗೆ ನಾಲ್ಕು ಸಂದಿ ಸುತ್ತಿ ಬರಬೇಕಿತ್ತು. ಅದು ಗೋದಾಬಾಯಿಯ ಮನೆ. ಬಸುರಿ ಮಗಳ ಕುಬಸದ ಊಟ ಆಗಷ್ಟೇ ಮುಗಿದು, ಅಂಗಳದಲ್ಲಿ ತಾಮ್ರದ ದೊಡ್ಡ ಕೊಪ್ಪರಿಗೆ ಮಗುಚಿ ಬಿದ್ದಿತ್ತು.

"ಇದು ನಮ್ಮದು!"

"ಯಾರದೋ ಭಾಡ್ಯಾ? ನಮ್ಮವ್ವ ತವರಮನಿಯಿಂದ ತಂದಿದ್ದು!" ಎಂದಳು ಗೋದಾಬಾಯಿ, ಸೌಟು ಎತ್ತಿ.

ಮಾಲತೇಶ ಬಾಗಿ ತಳವನ್ನು ತೋರಿಸಿದ. ಕಣಕದ ಹಿಟ್ಟಿನಲ್ಲಿ ಮೆತ್ತಿದ ಬಿಲ್ಲೆ ಕೆಂಪಗೆ ಕಣ್ಣು ಮಿಟುಕಿಸುತ್ತಿತ್ತು. "ಇದೂ ತವರಮನಿದೇನ್ರಿ?"

ಗೋದಾಬಾಯಿ ದಿಬ್ಬಣದ ಜೊತೆ ಬಂದಿದ್ದ ದಾನವ್ವನ ಮುಖ ನೋಡಿದಳು. ದಾನವ್ವ ಪಡಸಾಲೆಯ ತೊಲೆಗಳನ್ನು ಎಣಿಸುತ್ತಿದ್ದಳು. ಸೌಟು ಕೆಳಗಿಳಿಯಿತು. "ಒಯ್ಯಿ," ಎಂದಳು ಗೋದಾಬಾಯಿ ಹಲ್ಲು ಕಚ್ಚಿ. "ಹೊಳ್ಳಿ ತರಾಂವಾನೂ ನೀನ, ನೋಡಕೋ."

ಅವಳ ಮಾತು ಅರ್ಥವಾಗದಿದ್ದರೂ ಮಾಲತೇಶ ಗೆದ್ದಿದ್ದ. ಕೈಗಾಡಿಯಲ್ಲಿ ಕೊಪ್ಪರಿಗೆ ಹೇರಿಕೊಂಡು ಅಂಗಡಿಯ ಮುಂದೆ ನಿಂತಾಗ ಅವನ ಎದೆಯೂ ಅದರಷ್ಟೇ ಅಗಲವಾಗಿತ್ತು.

ಶಾಂತಯ್ಯ ಚಹಾ ಊದುತ್ತ ಕೇಳಿದರು: "ಇದು ಯಾರದು?"

"ನಮ್ಮದ್ರಿ ಅಯ್ನಾರ!"

"ನಮ್ಮದು ಹನ್ನೊಂದಕ್ಕ ಬಂತು. ಯಾಕೂಬಸಾಬ ಕಲಾಯಿ ಹಾಕಿ, ಒಳಗ ದಾನವ್ವನ ಸಕ್ಕರಿ ಸೈತ ತಂದುಕೊಟ್ಟ. ಇಷ್ಟೊತ್ತಿಗೆ ಅಮ್ಮಿನಬಾವಿ ಮುಟ್ಟಿರಬೇಕು. ನಿನಗ ಹದಿನಾಕು ಸಲ ಫೋನ್ ಮಾಡಿದೆ. ನಮ್ಮ ಭಾಂಡಿ ಒಂದೂ ಕಳದಿಲ್ಲೋ, ಕಳದಾಂವ ನೀನ."

ಮಾಲತೇಶ ಒಮ್ಮೆ ಬಿಲ್ಲೆ ನೋಡಿದ, ಒಮ್ಮೆ ಕೊಪ್ಪರಿಗೆ ನೋಡಿದ. "ಹಂಗಾದ್ರ ಇದಕ್ಕ ಕಣ್ಣ ಹೆಂಗ ಬಂತ್ರಿ?"

"ನನಗೇನ ಗೊತ್ತು? ಮೊದಲ ಒಯ್ದು ಕೊಟ್ಟು ಬಾ." ಮಾಲತೇಶ ಗಾಡಿ ತಿರುಗಿಸುವಷ್ಟರಲ್ಲಿ ಶಾಂತಯ್ಯ ಚಹಾದ ಬಸಿ ಕೆಳಗಿಟ್ಟರು. "ಏ, ನಿಂದರು! ಬರೇ ಭಾಂಡಿ ಒಯ್ಯತೀ ಏನು? ನಮ್ಮ ಅಂಗಡಿಯಿಂದ?"

"ಒಂದ ಮುಷ್ಟಿ ಸಕ್ಕರಿ ಹಾಕತೇನ್ರಿ."

"ಮುಷ್ಟಿ? ಕುಬಸದ ಮನ್ಯಾಗಿನ ಕೊಪ್ಪರಗಿ ಎತ್ತಕೊಂಡ ಬಂದು ಮುಷ್ಟಿ? ಕಂಠಮಟ ತುಂಬು. ನಿನ್ನ ಪಗಾರದಾಗ."

ಕೊಪ್ಪರಿಗೆ ಮಾಲತೇಶನ ಕಣ್ಣಿಗೆ ಆಗ ಉಣಕಲ್ ಕೆರೆಯಷ್ಟು ದೊಡ್ಡದಾಗಿ ಕಂಡಿತು. ಹಗುರಾದದ್ದು, ಹೆಚ್ಚು ಜಾಗ ಹಿಡಿಯುವುದು ಏನೆಂದು ಯೋಚಿಸಿ ಯೋಚಿಸಿ, ಕಡೆಗೆ ಚುರುಮುರಿ ಭಟ್ಟಿಯಿಂದ ಎರಡು ಚೀಲ ತಂದು ಸುರುವಿದ.

ಅವನು ಗಾಡಿ ನೂಕಿಕೊಂಡು ಬಂದಾಗ ಓಣಿಯವರೆಲ್ಲ ಕಟ್ಟೆಗಳ ಮೇಲಿದ್ದರು. ಒಮ್ಮೆಲೇ ಎಲ್ಲರೂ ಇಳಿದು ಗಾಡಿಯ ಸುತ್ತ ನೆರೆದರು.

"ನೋಡ್ರೆ, ನೋಡ್ರೆ!" ಎಂದು ದಾನವ್ವ ಕೈ ಮುಗಿದಳು. "ನಾ ಹೇಳಿರ್ಲಿಲ್ಲೇನು? ಅಯ್ನಾರು ಮಂತ್ರಿಸಿ ಹಚ್ಚಿದ ಬಿಲ್ಲಿ ಅದು! ಅದು ಇದ್ದಿದ್ದಕ್ಕ ನಮ್ಮ ಹುಗ್ಗಿ ಉಳೀತು. ಅದಕ್ಕ ಕಿತ್ತು ಕುಬಸದ ಅಡಗಿಗೂ ಇರಲಿ ಅಂತ ಗೋದಾಬಾಯಿಗೆ ಕೊಟ್ಟೆ. ಈಗ ನೋಡ್ರಿ, ಬರೇ ಹೋದ ಕೊಪ್ಪರಗಿ ತುಂಬಿ ಬಂತು!"

"ಅಕ್ಕಾರ, ಮಂತ್ರಾ ಅಲ್ರಿ, ಅದು ಬ್ಯಾಟರಿ..." ಎಂದ ಮಾಲತೇಶ. ಯಾರೂ ಕೇಳಲಿಲ್ಲ. ಎಲ್ಲರ ಕೈಯೂ ಚುರುಮುರಿಯಲ್ಲಿತ್ತು. ನೀಲಪ್ಪ ಜೋಳ ತುಂಬಿಡುವ ತನ್ನ ಹಗೇವಿಗೆ ಒಂದು ದಿನ ಬಿಲ್ಲೆ ಬೇಕೆಂದ. ನಾಹಿದಾ ತನಗೆ ಮೊದಲು ಎಂದಳು. ದಾನವ್ವ ಸದ್ದಿಲ್ಲದೆ ತಳಕ್ಕೆ ಕೈ ಹಾಕಿ ಬಿಲ್ಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಸಂದಿಯಲ್ಲಿ ಸರಿದಳು.

ಮಾಲತೇಶನ ಕಿಸೆಯಲ್ಲಿ ಕುಂಯ್‌ಕುಂಯ್ ಎನ್ನುತ್ತಿದ್ದ ಪೆಟ್ಟಿಗೆ ಮೆಲ್ಲಗೆ ಕುಂಯ್ ಎಂದಿತು, ಆಮೇಲೆ ಸುಮ್ಮನಾಯಿತು. ನಾಳೆ ಬೆಳಿಗ್ಗೆ ಬೂದಿ ಎಲ್ಲಿ ಸಿಕ್ಕೀತು ಎಂದು ಯೋಚಿಸುತ್ತ ಅವನು ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಕೊಪ್ಪರಿಗೆಯನ್ನು ಗಾಡಿಯಿಂದ ಇಳಿಸಿದ.

ಗೋದಾಬಾಯಿ ದೀಪ ಹಚ್ಚಲೆಂದು ಒಳಗಿನಿಂದ ಬಂದಳು. ಕೊಟ್ಟ ಮಾತಿನಂತೆ, ದೀಪ ಹಚ್ಚುವುದರೊಳಗೆ, ಮಾಲತೇಶ ತನ್ನ ಕೈಯಾರೆ ಕೊಪ್ಪರಿಗೆಯನ್ನು ಅದರ ಮಾಲಕರ ಅಂಗಳದಲ್ಲಿ ಇಟ್ಟಿದ್ದ.